ಶೇ. 90ರಷ್ಟು ಒಮ್ಮತವಿದ್ದರೂ ಸಾಲದೇಕೆ? ಪಾಪ್ಯುಲಿಸ್ಟ್ ಸಂವಹನದ ಅಂತರರಾಷ್ಟ್ರೀಯ ಸಂಶೋಧನೆ: ಅಧ್ಯಯನ ಟಿಪ್ಪಣಿ

ಹಾಸನದ ಹೇಮಗಂಗೋತ್ರಿಯಲ್ಲಿ ನನ್ನ ಜೊತೆ ರಾಜಕೀಯ ಸಂವಹನ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಪಾಪ್ಯುಲಿಸ್ಟ್ ಸಂವಹನ ಎಂದರೆ ಸ್ಥೂಲವಾಗಿ, 'ನಿಜವಾದ ಜನ'ರನ್ನು ಗಣ್ಯವರ್ಗದ ಎದುರು ನಿಲ್ಲಿಸುವ ಮಾತು. ಒಂದು ದೇಶದ ಭಾಷಣಗಳನ್ನು ಓದಿ ಅವುಗಳಲ್ಲಿ ಅದು ಎಷ್ಟಿದೆ ಎಂದು ಅಭಿಪ್ರಾಯ ಹೇಳುವುದು ಅಷ್ಟು ಕಷ್ಟವಲ್ಲ. ಹತ್ತಾರು ದೇಶಗಳ ಸಂಶೋಧಕರು ಹತ್ತಾರು ಭಾಷೆಗಳ ಭಾಷಣಗಳನ್ನು ಓದಿ, ತಾವೆಲ್ಲರೂ ಒಂದೇ ಸಂಗತಿಯನ್ನು ಅಳೆದಿದ್ದೇವೆ ಎಂದು ತೋರಿಸುವುದು ಕಷ್ಟ. ಈ ಕ್ಷೇತ್ರದ ಸಹಯೋಗಗಳ ಬೆಲೆ ನಿಂತಿರುವುದು ಅದರ ಮೇಲೆಯೇ.

ಯಾರು, ಹೇಗೆ

ಯುರೋಪಿನಲ್ಲಿ ಸಂಶೋಧಕರ ಜಾಲಗಳಿಗೆ ನೆರವಾಗುವ 'ಕಾಸ್ಟ್' (COST) ವ್ಯವಸ್ಥೆಯಡಿ 2014ರಿಂದ 2018ರವರೆಗೆ ಪಾಪ್ಯುಲಿಸ್ಟ್ ರಾಜಕೀಯ ಸಂವಹನದ ಕುರಿತ ಒಂದು ಜಾಲ ಕೆಲಸ ಮಾಡಿತು. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಕ್ಲಾಸ್ ಡೆ ವ್ರೀಸ್ ಅದರ ಅಧ್ಯಕ್ಷರಾಗಿದ್ದರು. ಕಾಸ್ಟ್ ಸಂಶೋಧನೆಗೆ ನೇರವಾಗಿ ಹಣ ಕೊಡುವುದಿಲ್ಲ. ಸಭೆ, ತರಬೇತಿ ಶಿಬಿರ, ಅಲ್ಪಾವಧಿ ಭೇಟಿಗಳ ವೆಚ್ಚವನ್ನಷ್ಟೇ ಭರಿಸುತ್ತದೆ. ಹಾಗಾಗಿ ಅಲ್ಲಿ ನಡೆದ ಮುಖ್ಯ ಕೆಲಸವೆಂದರೆ ಬೇರೆ ಬೇರೆ ದೇಶಗಳವರು ಒಟ್ಟಿಗೆ ಕುಳಿತು ಸಮಾನ ಮಾನದಂಡ ರೂಪಿಸಿಕೊಂಡದ್ದು. ಇನ್ನೊಂದು ಗುಂಪು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕರ್ಕ್ ಹಾಕಿನ್ಸ್ ಅವರ ಮುಂದಾಳತ್ವದ 'ಟೀಮ್ ಪಾಪ್ಯುಲಿಸಂ'. ಅಲ್ಲಿ ಆಯಾ ಭಾಷೆ ಬಲ್ಲ ಕೋಡರ್ (ಭಾಷಣಕ್ಕೆ ಗುರುತು ಅಥವಾ ಅಂಕ ಹಾಕುವವರು) ಇಡೀ ಭಾಷಣವನ್ನು ಓದಿ, ಪ್ರಬಂಧ ಪರೀಕ್ಷಿಸುವವರ ರೀತಿಯಲ್ಲಿ, 0ಯಿಂದ 2ರವರೆಗಿನ ಅಳತೆಯಲ್ಲಿ ಅದು ಎಷ್ಟು ಪಾಪ್ಯುಲಿಸ್ಟ್ ಎಂಬುದಕ್ಕೆ ಒಂದು ಅಂಕ ಕೊಡುತ್ತಾರೆ. ಚುನಾವಣಾ ಪ್ರಚಾರದ್ದು, ಉದ್ಘಾಟನಾ ಸಮಾರಂಭದ್ದು, ವಿದೇಶದ ಸಭಿಕರೆದುರಿನದ್ದು, ಹೆಸರಾದದ್ದು ಎಂದು ಒಬ್ಬ ನಾಯಕನ ನಾಲ್ಕು ಬಗೆಯ ಭಾಷಣಗಳನ್ನು ಆರಿಸುವುದು ಅವರ ಪದ್ಧತಿ. ಪ್ರಚಾರದ ಬಿಸಿಯಲ್ಲಿ ಆಡಿದ ಮಾತಿನಿಂದಲೇ ನಾಯಕನನ್ನು ಅಳೆಯಬಾರದೆಂಬ ಈ ಎಚ್ಚರ ನನಗೆ ಬಹಳ ಮೆಚ್ಚುಗೆಯಾಯಿತು.

ಏನನ್ನು ಗುರುತಿಸಬೇಕು

ಸಂಶೋಧಕರಾದ ಯಾಗರ್ಸ್ ಮತ್ತು ವಾಲ್‌ಗ್ರೇವ್ 2007ರಲ್ಲಿ ಬೆಲ್ಜಿಯಂನ ಆರು ಪಕ್ಷಗಳ ಪ್ರಸಾರ ಕಾರ್ಯಕ್ರಮಗಳನ್ನು ವಿಶ್ಲೇಷಿಸುತ್ತಾ ಮೂರು ಅಂಶಗಳನ್ನು ಬೇರ್ಪಡಿಸಿದರು: ಜನರ ಹೆಸರಿನಲ್ಲಿ ಮಾತನಾಡುವುದು, ಗಣ್ಯವರ್ಗವನ್ನು ಎದುರಾಳಿಯಾಗಿಸುವುದು, ಯಾವುದೋ ಒಂದು ಗುಂಪನ್ನು ಜನರಿಂದ ಹೊರಗಿಡುವುದು. ಅಭ್ಯಾಸಕ್ಕೆಂದು ನಾನೇ ಕಟ್ಟಿದ ಮಾತುಗಳಿವು. "ಸಕಲೇಶಪುರದ ಬೆಳೆಗಾರರು ಆನೆ ಕಾಟದಿಂದ ಬೇಸತ್ತಿದ್ದಾರೆ, ಪರಿಹಾರದ ಮೊತ್ತ ಹೆಚ್ಚಿಸುತ್ತೇವೆ" ಎಂಬುದರಲ್ಲಿ ಜನರ ಪ್ರಸ್ತಾಪ ಮಾತ್ರ ಇದೆ. "ತೋಟದಲ್ಲಿ ಬೆವರು ಸುರಿಸುವ ನಾವೇ ನಿಜವಾದ ಜನ, ವಿಧಾನಸೌಧದಲ್ಲಿ ಕುಳಿತ ನಾಲ್ಕು ಮಂದಿ ನಮ್ಮನ್ನು ಮಾರಿಕೊಂಡಿದ್ದಾರೆ" ಎಂದಾಗ ಎರಡನೆಯ ಅಂಶವೂ ಸೇರುತ್ತದೆ. ಉಚಿತ ಯೋಜನೆಯೊಂದನ್ನು ಘೋಷಿಸಿದ ಮಾತ್ರಕ್ಕೆ ಈ ಅರ್ಥದಲ್ಲಿ ಪಾಪ್ಯುಲಿಸಂ ಆಗುವುದಿಲ್ಲ.

ಒಮ್ಮತದ ಲೆಕ್ಕ

ಈ ಹಂತ ಅರ್ಥವಾಗಲು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಇಬ್ಬರು ಕೋಡರ್‌ಗಳು 100 ಭಾಷಣಗಳನ್ನು ಓದಿ, ಪ್ರತಿಯೊಂದಕ್ಕೂ 'ಗಣ್ಯವಿರೋಧ ಇದೆ' ಅಥವಾ 'ಇಲ್ಲ' ಎಂದು ಗುರುತು ಹಾಕಿದರು ಎಂದುಕೊಳ್ಳೋಣ. 88ರಲ್ಲಿ ಇಬ್ಬರೂ 'ಇಲ್ಲ' ಎಂದರು, 2ರಲ್ಲಿ ಇಬ್ಬರೂ 'ಇದೆ' ಎಂದರು. 5ರಲ್ಲಿ ಮೊದಲನೆಯವರು ಮಾತ್ರ, ಇನ್ನೈದರಲ್ಲಿ ಎರಡನೆಯವರು ಮಾತ್ರ 'ಇದೆ' ಎಂದರು. ಒಟ್ಟು ಒಮ್ಮತ ಶೇ. 90. ನೋಡಲು ಚೆನ್ನಾಗಿಯೇ ಇದೆ.

ಈಗ ಇಬ್ಬರೂ ಭಾಷಣವನ್ನು ಓದದೆಯೇ, ತಮ್ಮ ತಮ್ಮ ಪ್ರಮಾಣ ಉಳಿಸಿಕೊಂಡು ಕಣ್ಣು ಮುಚ್ಚಿ ಗುರುತು ಹಾಕಿದ್ದರೆ ಎಷ್ಟು ಒಮ್ಮತ ಬರುತ್ತಿತ್ತು? ಒಬ್ಬೊಬ್ಬರೂ 100ರಲ್ಲಿ 7 ಬಾರಿ 'ಇದೆ' ಎಂದಿದ್ದಾರೆ. ಇಬ್ಬರೂ ಆಕಸ್ಮಿಕವಾಗಿ 'ಇದೆ' ಎನ್ನುವ ಸಂಭವ 0.07 × 0.07, ಅಂದರೆ 0.0049. ಇಬ್ಬರೂ 'ಇಲ್ಲ' ಎನ್ನುವ ಸಂಭವ 0.93 × 0.93, ಅಂದರೆ 0.8649. ಎರಡನ್ನೂ ಕೂಡಿಸಿದರೆ 0.8698. ಓದದೆಯೇ 87ರಷ್ಟು ಒಮ್ಮತ ಸಿಗುತ್ತದೆ ಎಂದಾಯಿತು. ಓದಿ, ವಿವೇಚಿಸಿ ಗಳಿಸಬಹುದಾದದ್ದು ಉಳಿದ 13 ಮಾತ್ರ; ಅದರಲ್ಲಿ ಇವರು ಗಳಿಸಿದ್ದು 3. ಮೂರನ್ನು ಹದಿಮೂರರಿಂದ ಭಾಗಿಸಿದರೆ ಸುಮಾರು 0.23. ಕೋಹೆನ್ 1960ರಲ್ಲಿ ಮಂಡಿಸಿದ ಕಪ್ಪಾ ಎಂದರೆ ಇದೇ.

ಅದೇ ಶೇ. 90 ಒಮ್ಮತ, 45 'ಇದೆ' ಮತ್ತು 45 'ಇಲ್ಲ' ಎಂದು ಸಮವಾಗಿ ಹಂಚಿಹೋಗಿ, ಉಳಿದ ಹತ್ತು ಭಿನ್ನಮತಗಳು ಐದೈದಾಗಿದ್ದರೆ, ಆಕಸ್ಮಿಕ ಒಮ್ಮತ ಅರ್ಧಕ್ಕೆ ಇಳಿದು ಕಪ್ಪಾ 0.80 ಆಗುತ್ತದೆ. ಪಾಪ್ಯುಲಿಸ್ಟ್ ಲಕ್ಷಣ ಅಪರೂಪವಾಗಿರುವ ದೇಶದಲ್ಲಿ ಶೇಕಡಾವಾರು ಒಮ್ಮತ ತಾನಾಗಿಯೇ ಮೇಲೇರಿಬಿಡುತ್ತದೆ. ದೇಶ ದೇಶಗಳನ್ನು ಹೋಲಿಸುವವರಿಗೆ ಇದೇ ದೊಡ್ಡ ಅಪಾಯ.

ಸೂತ್ರ ಹಚ್ಚುವ ಮೊದಲು ನಾನು ಒಂದು ಅಡ್ಡದಾರಿ ಬಳಸುತ್ತೇನೆ: ಇಬ್ಬರಲ್ಲಿ ಒಬ್ಬರಾದರೂ 'ಇದೆ' ಎಂದ ಭಾಷಣಗಳನ್ನು ಮಾತ್ರ ಎಣಿಸಿ, ಅವುಗಳಲ್ಲಿ ಇಬ್ಬರೂ ಒಪ್ಪಿದವು ಎಷ್ಟೆಂದು ನೋಡುವುದು. ಮೊದಲ ಉದಾಹರಣೆಯಲ್ಲಿ ಅಂಥವು 12. ಒಪ್ಪಿದ್ದು ಬರೀ 2. ಕೋಡ್‌ಬುಕ್ಕಿನ (ಕೋಡರ್‌ಗಳಿಗೆ ಕೊಡುವ ಸೂಚನೆಗಳ ಪುಸ್ತಕದ) ವಿವರಣೆ ಸ್ಪಷ್ಟವಾಗಿಲ್ಲವೆಂಬುದು ಅಷ್ಟರಿಂದಲೇ ತಿಳಿಯುತ್ತದೆ.

ಬಹುದೇಶ ಯೋಜನೆಗಳಿಗೆ ಕಪ್ಪಾದಂತೆಯೇ ಆಕಸ್ಮಿಕ ಒಮ್ಮತವನ್ನು ಕಳೆದು ಅಳೆಯುವ ಕ್ರಿಪೆನ್‌ಡಾರ್ಫ್ ಅವರ ಆಲ್ಫಾ ಹೆಚ್ಚು ಅನುಕೂಲ. ಇಬ್ಬರಿಗಿಂತ ಹೆಚ್ಚು ಕೋಡರ್‌ಗಳಿದ್ದರೂ, ಕೆಲವು ಭಾಷಣಗಳನ್ನು ಕೆಲವರು ಓದಿರದಿದ್ದರೂ ಅದು ನಡೆಯುತ್ತದೆ. 0ಗೂ 2ಕ್ಕೂ ಇರುವ ಅಂತರ 1ಕ್ಕೂ 2ಕ್ಕೂ ಇರುವುದಕ್ಕಿಂತ ದೊಡ್ಡದೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬಲ್ಲದು. ಆಲ್ಫಾ 0.80 ಅಥವಾ ಹೆಚ್ಚಿದ್ದರೆ ಭರವಸೆಯಿಂದ ಬಳಸಬಹುದು, 0.667ರಿಂದ 0.80ರ ನಡುವೆ ಇದ್ದರೆ ತಾತ್ಕಾಲಿಕ ತೀರ್ಮಾನಕ್ಕಷ್ಟೇ ಎಂಬುದು ಅವರೇ ಸೂಚಿಸಿದ ಮಿತಿ.

ಭಾಷೆಯ ಗಡಿ

ಇಬ್ಬರು ಕನ್ನಡ ಕೋಡರ್‌ಗಳು ತಮ್ಮೊಳಗೆ ಒಪ್ಪಬಹುದು, ಇಬ್ಬರು ಹಂಗೇರಿಯನ್ ಕೋಡರ್‌ಗಳೂ ಒಪ್ಪಬಹುದು. ಆದರೂ ಕನ್ನಡದವರ ಕೈ ಬಿಗಿಯಾಗಿ, ಹಂಗೇರಿಯವರ ಕೈ ಸಡಿಲವಾಗಿ ಇರುವ ಸಾಧ್ಯತೆ ಉಳಿದೇ ಇರುತ್ತದೆ. ದೇಶದೊಳಗಿನ ಆಲ್ಫಾ ಅದನ್ನು ತೋರಿಸುವುದಿಲ್ಲ. ಎಲ್ಲರೂ ಮೊದಲು ಒಂದೇ ಇಂಗ್ಲಿಷ್ ಭಾಷಣಗಳ ಮೇಲೆ ತರಬೇತಿ ಪಡೆದು, ಅಲ್ಲಿನ ಒಮ್ಮತವನ್ನು ಪರೀಕ್ಷಿಸಿಕೊಂಡ ಮೇಲೆ ತಂತಮ್ಮ ಭಾಷೆಗೆ ಹೋಗುವುದು ಇದಕ್ಕೆ ಕಂಡುಕೊಂಡ ದಾರಿ. ಇದರಿಂದ ಗಡಿ ಪೂರ್ತಿ ಅಳಿಸಿಹೋಗುವುದಿಲ್ಲ, ಏಕೆಂದರೆ ಇಂಗ್ಲಿಷಿನಲ್ಲಿ ಹದವಾಗಿ ಅಂಕ ಕೊಟ್ಟವರು ತಾಯ್ನುಡಿಯ ವ್ಯಂಗ್ಯ, ಗಾದೆ, ಜಾತಿಸೂಚಕ ಮಾತುಗಳೆದುರು ಹಾಗೆಯೇ ನಡೆದುಕೊಳ್ಳುತ್ತಾರೆಂಬ ಖಾತ್ರಿಯಿಲ್ಲ. ಆದ್ದರಿಂದ ಇಂಥ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಎರಡು ಕೋಷ್ಟಕಗಳನ್ನು: ಆಲ್ಫಾವನ್ನು ಪ್ರತಿ ಅಂಶಕ್ಕೂ ಪ್ರತ್ಯೇಕವಾಗಿ ಕೊಟ್ಟಿದ್ದಾರೆಯೇ ಎಂಬುದು ಒಂದು, ತರಬೇತಿಯ ಸಮಾನ ಭಾಷಣಗಳ ಮೇಲೆ ಪ್ರತಿ ದೇಶದ ತಂಡ ಎಷ್ಟು ಒಪ್ಪಿತ್ತು ಎಂಬುದು ಇನ್ನೊಂದು.