ಇದು ಯಾವ ಊರು ಹೇಳಿ?

ನಮ್ಮ ದೊಡ್ಡಪ್ಪ ದುರ್ಗದವರು. ಮೆದುಳಿನ ಗೆಡ್ಡೆಯ ಆಪರೇಷನ್ ಆಗಿದ್ದು ದಾವಣಗೆರೆಯಲ್ಲಿ. ಐಸಿಯುನಲ್ಲಿ ನರ್ಸ್ ಗಂಟೆಗೊಮ್ಮೆ ಬಂದು ಎಬ್ಬಿಸುತ್ತಿದ್ದರು. 'ಹೆಸರೇನ್ರಿ? ಇದು ಯಾವ ಊರು? ಯಾವ ತಿಂಗಳು?' ಮೊದಲ ದಿನವೇ ದೊಡ್ಡಪ್ಪನಿಗೆ ಸಾಕಾಗಿತ್ತು. 'ಎಷ್ಟ್ ಸಲ ಕೇಳ್ತೀಯಮ್ಮಾ, ದಾವಣಗೆರೆ!'

ತಲೆ ಕೊಯ್ದವರನ್ನು ಸುಮ್ನೆ ಮಲಗೋಕೂ ಬಿಡಲ್ವಲ್ಲ ಅಂತ ನಮಗೂ ಸಿಟ್ಟು ಬಂದಿತ್ತು. ಆದರೆ ಅಲ್ಲಿ ಪಿಂ ಪಿಂ ಅನ್ನುವ ಮಷಿನ್‌ಗಳಿಗಿಂತ ಈ ಪ್ರಶ್ನೆಗಳೇ ಚುರುಕು. ನಾಡಿ, ಬಿಪಿ ಏರುಪೇರಾಗುವ ಹೊತ್ತಿಗೆ ಕೈಮೀರಿರಬಹುದು. ಮಾತು ಅದಕ್ಕೂ ಮೊದಲೇ ತಡವರಿಸುತ್ತದೆ.

ಇದಕ್ಕೆಲ್ಲ ಕಾರಣ ಬುರುಡೆ. ಪೆಟ್ಟಾದ ಕೈ ಊದಿಕೊಳ್ಳಲು ಜಾಗವಿದೆ, ಮೆದುಳಿಗಿಲ್ಲ. ಆ ಗಟ್ಟಿ ಡಬ್ಬಿಯಲ್ಲಿರುವುದು ಮೆದುಳು, ರಕ್ತ, ಮತ್ತೆ ಮೆದುಳನ್ನು ತೇಲಿಸಿಡುವ ನೀರು. ಬೆನ್ನುಮೂಳೆಯೊಳಗಿನ ಮಿದುಳು ಬಳ್ಳಿಯ ಸುತ್ತಲಿನದೂ ಸೇರಿ ಈ ನೀರು ಸುಮಾರು 150 ಮಿಲಿ. ಮೆದುಳು ಸ್ವಲ್ಪ ಬಾತರೆ ನೀರು, ರಕ್ತ ಪಕ್ಕಕ್ಕೆ ಸರಿದು ಜಾಗ ಬಿಡುತ್ತವೆ. ಸರಿಯಲು ಇನ್ನು ಜಾಗವೇ ಇಲ್ಲ ಅಂದಾಗ ಒತ್ತಡ ದಿಢೀರನೆ ಏರುತ್ತದೆ. ಮಂಚದ ತಲೆಕಡೆಯನ್ನು 30 ಡಿಗ್ರಿ ಎತ್ತಿಡುವುದು ಅದಕ್ಕೇ, ರಕ್ತ ಸಲೀಸಾಗಿ ಕೆಳಗಿಳಿಯಲಿ ಅಂತ. ಒಳಗೆ ರಕ್ತಸ್ರಾವದ ಭಯ ಮೊದಲ ಕೆಲವು ಗಂಟೆಗಳಲ್ಲಿ ಜಾಸ್ತಿ. ಬಾವು ಹೆಚ್ಚುವುದು ಎರಡು ಮೂರು ದಿನಕ್ಕೆ.

ಉತ್ತರಗಳಿಗೆ ಅಂಕವೂ ಉಂಟು. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಇಂಥದ್ದೊಂದು ಲೆಕ್ಕ ಹಾಕಿಕೊಟ್ಟರು. ಈಗ ಬಳಕೆಯಲ್ಲಿರುವಂತೆ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಏನೂ ಮಾಡದವರಿಗೂ 3 ಸಿಗುತ್ತದೆ. ನಮ್ಮ ಗಣಿತದ ಮೇಷ್ಟ್ರು ಇಷ್ಟು ಧಾರಾಳಿಯಾಗಿರಲಿಲ್ಲ!

ಎರಡನೇ ರಾತ್ರಿ ಅದೇ ಪ್ರಶ್ನೆಗೆ ದೊಡ್ಡಪ್ಪ 'ದುರ್ಗ' ಅಂದರು. ನಾವಾಗಿದ್ದರೆ ಪಾಪ, ಊರು ನೆನಪಾಗಿದೆ ಅಂತ ನಕ್ಕು ಬಿಡುತ್ತಿದ್ದೆವು. ನರ್ಸ್ ಒಂದು ಅಂಕ ಕಳೆದರು. ಕಣ್ಣಿಗೆ ಟಾರ್ಚ್ ಬಿಟ್ಟು ಎರಡೂ ಪಾಪೆ ಸಮನಾಗಿ ಕುಗ್ಗುತ್ತವಾ ನೋಡಿ, ಡಾಕ್ಟರನ್ನು ಕರೆದರು. ಸಿಟಿ ಸ್ಕ್ಯಾನ್ ಆಯಿತು. ರಕ್ತಸ್ರಾವವಿಲ್ಲ, ಬಾವು ಹೆಚ್ಚಿದೆ ಅಂದರು. ಬಾವು ಇಳಿಸುವ ಔಷಧಿ ಡೆಕ್ಸಾಮೆಥಸೋನ್ ಹೆಚ್ಚಿಸಿ, ಮೆದುಳಿನ ನೀರಂಶ ಹೀರುವ ಮ್ಯಾನಿಟಾಲ್ ಡ್ರಿಪ್ ಹಾಕಿದರು. ಡೆಕ್ಸಾದಿಂದ ಸಕ್ಕರೆ ಏರಿತು, ಅದಕ್ಕೆ ಇನ್ಸುಲಿನ್ ಬೇರೆ.

ನಾಲ್ಕನೇ ದಿನ ಬೆಳಗ್ಗೆ ನರ್ಸ್ ಹತ್ತಿರ ಬರುತ್ತಿದ್ದ ಹಾಗೇ, ಕೇಳುವ ಮೊದಲೇ ದೊಡ್ಡಪ್ಪ ಗದರಿದರು: 'ದಾವಣಗೆರೆ!'