ಹಲ್ಲಿನ ಭೇದಿಯೋ, ನೊರೊವೈರಸ್ಸೋ?

"ಹಲ್ಲು ಬರ್ತಾ ಇದೆ ಡಾಕ್ಟ್ರೇ, ಅದಕ್ಕೇ ಭೇದಿ." ನನ್ನಂಥ ಮಕ್ಕಳ ವೈದ್ಯರ ಮುಂದೆ ಈ ಮಾತು ಆಡದ ಅಜ್ಜಿಯರು ಕಡಿಮೆ. ಅವರು ಕಂಡಿದ್ದು ಸುಳ್ಳಲ್ಲ. ಹಲ್ಲು ಮೂಡುವ ಕಾಲಕ್ಕೇ ಭೇದಿ ಹೆಚ್ಚುತ್ತದೆ. ಆದರೆ ಎರಡೂ ಒಂದೇ ವಯಸ್ಸಿಗೆ ಬರುತ್ತವೆಯೇ ಹೊರತು ಒಂದರಿಂದ ಇನ್ನೊಂದು ಬರುವುದಿಲ್ಲ. ಆರು ತಿಂಗಳು ತುಂಬಿದ ಮೇಲೆ, ಸುಮಾರು ಎರಡು ವರ್ಷದವರೆಗೆ, ಮಕ್ಕಳ ಹೊಟ್ಟೆ ಕೆಡಿಸುವ ವೈರಸ್‌ಗಳಲ್ಲಿ ನೊರೊವೈರಸ್ ಮುಂಚೂಣಿಯಲ್ಲಿದೆ.

ಆರು ತಿಂಗಳೇ ಯಾಕೆ? ಬಸುರಿನಲ್ಲಿ ತಾಯಿಯಿಂದ ಬಂದ, ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳು (ಆಂಟಿಬಾಡಿ) ಅಷ್ಟರೊಳಗೆ ಬಹುಪಾಲು ಕರಗಿರುತ್ತವೆ. ಅಲ್ಲಿಯವರೆಗೆ ಬರೀ ಎದೆಹಾಲು ಕುಡಿದ ಮಗುವಿಗೆ ಇನ್ನೊಂದು ಕಾವಲೂ ಇರುತ್ತದೆ. ನೊರೊವೈರಸ್ ಕರುಳಿನ ಒಳಪದರದ ಮೇಲಿರುವ ಕೆಲವು ಸಕ್ಕರೆ ಅಣುಗಳನ್ನು ಹಿಡಿದುಕೊಂಡೇ ಸೋಂಕು ಹುಟ್ಟಿಸುತ್ತದೆ. ಎದೆಹಾಲಿನಲ್ಲಿ ಅವನ್ನೇ ಹೋಲುವ ಸಕ್ಕರೆಗಳಿದ್ದು, ವೈರಸ್ ಕರುಳಿನ ಬದಲು ಅವುಗಳಿಗೂ ಅಂಟಿಕೊಳ್ಳಬಲ್ಲದು ಎಂದು ಪ್ರಯೋಗಾಲಯದಲ್ಲಿ ತೋರಿಸಲಾಗಿದೆ. ಹಾಲಿನಲ್ಲಿರುವ ಪ್ರತಿಕಾಯಗಳ ಕಾವಲು ಇದರ ಜೊತೆಗೆ.

ಆರನೇ ತಿಂಗಳಿಗೆ ರಾಗಿ ಸರಿ ಶುರು, ಹಿಂದೆಯೇ ಅಂಬೆಗಾಲು. ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ. ಸೋಂಕು ತಗಲಲು ಈ ವೈರಸ್‌ನ ನೂರಕ್ಕಿಂತ ಕಡಿಮೆ ಕಣಗಳಿದ್ದರೂ ಸಾಕು, ರೋಗಿಯ ಮಲದಲ್ಲೋ ಕೋಟಿಗಟ್ಟಲೆ ಇರುತ್ತವೆ. ವೆಲ್ಲೂರೂ ಸೇರಿ ಎಂಟು ದೇಶಗಳ ಎಂಟು ಕಡೆ, ಹುಟ್ಟಿದಾಗಿನಿಂದ ಮಕ್ಕಳನ್ನು ಹಿಂಬಾಲಿಸಿದ ಮಾಲ್-ಎಡ್ ಅಧ್ಯಯನದಲ್ಲಿ ಎರಡು ವರ್ಷ ತುಂಬುವಷ್ಟರಲ್ಲಿ ಸುಮಾರು ಶೇ 89ರಷ್ಟು ಮಕ್ಕಳಿಗೆ ಒಮ್ಮೆಯಾದರೂ ನೊರೊವೈರಸ್ ತಗುಲಿತ್ತು. ಭೇದಿಯೇ ಇಲ್ಲದೆ ಸದ್ದಿಲ್ಲದೆ ಬಂದು ಹೋದ ಸೋಂಕುಗಳೂ ಈ ಲೆಕ್ಕದಲ್ಲಿವೆ. ಹಾಗಾಗಿ "ನಮ್ಮನೇಲಿ ಅಷ್ಟು ಕ್ಲೀನ್ ಇಡ್ತೀವಲ್ಲ ಸರ್" ಎಂದು ತಾಯಂದಿರು ಕೊರಗುವುದನ್ನು ಕಂಡರೆ ನನಗೆ ಬೇಸರ. ಎಷ್ಟು ತೊಳೆದರೂ ನೂಕಿ ಬರುವ ವೈರಸ್ ಇದು.

ಒಮ್ಮೆ ಬಂದು ಹೋದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ತಳಿಗಳು ಹಲವು, ಒಂದರ ವಿರುದ್ಧ ಬೆಳೆದ ರೋಗನಿರೋಧಕ ಶಕ್ತಿ ಇನ್ನೊಂದನ್ನು ಅಷ್ಟಾಗಿ ತಡೆಯದು. ಒಂದೇ ಮನೆಯಲ್ಲಿ ಒಂದು ಮಗು ಮಲಗಿ, ಇನ್ನೊಂದು ಆಡಿಕೊಂಡಿದ್ದರೆ ಅದಕ್ಕೆ ವಂಶವಾಹಿಯೂ ಕಾರಣ ಇರಬಹುದು. ವೈರಸ್ ಹಿಡಿದುಕೊಳ್ಳುವ ಆ ಸಕ್ಕರೆ ಕೆಲವರ ಕರುಳಿನಲ್ಲಿ ತಯಾರಾಗುವುದೇ ಇಲ್ಲ.

ಸೋಂಕು ತಗಲುವ ಸಾಧ್ಯತೆ ಬೇರೆ, ಸೋಂಕಿನಿಂದ ಆಗುವ ಅಪಾಯ ಬೇರೆ. ಆರು ತಿಂಗಳೊಳಗಿನ ಕೂಸಿಗೆ ಇದು ತಗಲುವುದು ಕಡಿಮೆ. ತಗಲಿದರೆ ಮಾತ್ರ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. ಪುಟ್ಟ ದೇಹದಿಂದ ನೀರು ಬೇಗ ಬಸಿದು ಹೋಗುತ್ತದೆ, ಬಾಯಾರಿಕೆ ಅಂತ ಹೇಳಲೂ ಅದಕ್ಕೆ ಬಾರದು. ಮೂರು ವರ್ಷದ ಅಕ್ಕ ಎರಡು ದಿನ ವಾಂತಿ ಮಾಡಿ ಎದ್ದು ಓಡಾಡುತ್ತಾಳೆ. ಆದರೆ ಆಮೇಲೂ ವಾರಗಟ್ಟಲೆ ಅವಳ ಮಲದಲ್ಲಿ ವೈರಸ್ ಹೋಗುತ್ತಲೇ ಇರಬಹುದು. ತೊಟ್ಟಿಲಿನ ತಮ್ಮನಿಗೆ ಕಾಯಿಲೆ ತರುವವಳು ಬಹಳ ಸಲ ಅವಳೇ.

"ಲಸಿಕೆ ಹಾಕಿಸಿದ್ವಲ್ಲ?" ಎಂಬ ಪ್ರಶ್ನೆಯೂ ಬರುತ್ತದೆ. 6, 10, 14ನೇ ವಾರದಲ್ಲಿ ಹಾಕುವುದು ರೋಟಾವೈರಸ್ ಲಸಿಕೆ. ತಪ್ಪದೆ ಹಾಕಿಸಬೇಕು, ಆದರೆ ಅದು ನೊರೊವೈರಸ್‌ಗೆ ನಾಟದು. ನೊರೊಗೆ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ. ಅಮೆರಿಕದಲ್ಲಿ ರೋಟಾ ಲಸಿಕೆ ಬಂದು ಆ ಕಾಯಿಲೆ ಇಳಿದ ಮೇಲೆ, ಭೇದಿ-ವಾಂತಿ ಎಂದು ವೈದ್ಯರ ಬಳಿ ಬರುವ ಪುಟ್ಟ ಮಕ್ಕಳಲ್ಲಿ ನೊರೊನೇ ಮೊದಲ ಸ್ಥಾನಕ್ಕೆ ಬಂತು.

ಮದ್ದು ಓಆರ್‌ಎಸ್, ಎದೆಹಾಲು, ಜೊತೆಗೆ ವೈದ್ಯರು ಹೇಳಿದಷ್ಟು ಜಿಂಕ್. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ನಿಧಾನಕ್ಕೆ ಕೊಡಿ. ಗಟಗಟ ಕುಡಿಸಿದರೆ ಮತ್ತೆ ಹೊರಗೆ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ನೀರುಭೇದಿ ಆದಾಗ 50ರಿಂದ 100 ಮಿ.ಲೀ. ಓಆರ್‌ಎಸ್ ಕೊಡಿ. ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದ ಸಿಹಿ ಜ್ಯೂಸ್ ಡಬ್ಬಿಗಳು ಆ ಹೆಸರು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರಲ್ಲಿ ಹೇಳಿದ್ದು ತಡವಾದರೂ ಒಳ್ಳೆಯದಾಯಿತು. ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ. ಆಂಟಿಬಯಾಟಿಕ್‌ಗೆ ವೈರಸ್ ಜಗ್ಗದು. ಭೇದಿ ಕಟ್ಟಿಸುವ ಔಷಧವನ್ನಂತೂ ನೀವಾಗಿ ತಂದು ಹಾಕಲೇಬೇಡಿ.

ಆರೆಂಟು ಗಂಟೆ ಮೂತ್ರ ಇಲ್ಲ, ನೆತ್ತಿ ಗುಳಿ ಬಿದ್ದಿದೆ, ಅತ್ತರೂ ಕಣ್ಣೀರಿಲ್ಲ, ಮಗು ಮಂಕಾಗಿದೆ, ಮಲದಲ್ಲಿ ರಕ್ತ: ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಆರು ತಿಂಗಳೊಳಗಿನ ಕೂಸಾದರೆ ಇವು ಕಾಣುವವರೆಗೂ ಕಾಯದೆ ಕರೆದುಕೊಂಡು ಬನ್ನಿ.

ಸ್ಯಾನಿಟೈಸರ್ ಈ ವೈರಸ್ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಡೈಪರ್ ಬದಲಿಸಿದ ಕೈಗೆ ಸೋಪು ಮತ್ತು ಹರಿಯುವ ನೀರೇ ಬೇಕು. ವಾಂತಿ ಬಿದ್ದ ನೆಲಕ್ಕೆ ಬ್ಲೀಚ್. ಮಗುವನ್ನು ಅಂಗನವಾಡಿಗೋ ಡೇಕೇರ್‌ಗೋ ಮತ್ತೆ ಕಳಿಸುವುದು ವಾಂತಿ, ಭೇದಿ ಪೂರ್ತಿ ನಿಂತು 48 ಗಂಟೆ ಕಳೆದ ಮೇಲೆ. ಕೆಲಸಕ್ಕೆ ಹೋಗುವ ತಂದೆತಾಯಿಗೆ ಇದು ಕಷ್ಟ ಅಂತ ಗೊತ್ತು, ಆದರೂ ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.