ಗೋಡೆ ಬೇಕೆಂದವರು ದೈವಭಕ್ತರು

ರಾಜ್ಯಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ಈ ವಾಕ್ಯ ತಪ್ಪದೆ ಎದುರಾಗುತ್ತದೆ: ‘ಜ್ಞಾನೋದಯ ಯುಗದ ಚಿಂತಕರು ದೇವರನ್ನು ನಂಬುತ್ತಿರಲಿಲ್ಲ, ಆದ್ದರಿಂದ ಧರ್ಮವನ್ನು ಸರ್ಕಾರದಿಂದ ಬೇರ್ಪಡಿಸಿದರು.’ ಎಷ್ಟು ಸಲ ಕೆಂಪು ಗೆರೆ ಎಳೆದರೂ ಮುಂದಿನ ವರ್ಷ ಅದೇ ವಾಕ್ಯ ಹೊಸ ಕೈಬರಹದಲ್ಲಿ ಹಾಜರು.

ಆ ಚಿಂತಕರಲ್ಲಿ ಲಾಕ್, ವೋಲ್ಟೇರ್ ಪಠ್ಯದಲ್ಲೇ ಇದ್ದಾರೆ, ಬಿಡಿ. (ಧಾರ್ಮಿಕ ಸಹನೆಯ ಕುರಿತ 1689ರ ಪತ್ರದಲ್ಲಿ ಲಾಕ್ ನಾಸ್ತಿಕರಿಗೆ ಸಹನೆಯನ್ನೇ ನಿರಾಕರಿಸಿದ, ವೋಲ್ಟೇರನಿಗೆ ಪಾದ್ರಿಗಳು ದೊರೆಯ ಅಂಕೆಯಲ್ಲಿದ್ದರೆ ಸಾಕಿತ್ತು. ಇದನ್ನು ಯಾರೂ ಓದುವುದಿಲ್ಲ.) ನನ್ನ ತಕರಾರು ಅಮೆರಿಕದ ವರ್ಜೀನಿಯಾ ರಾಜ್ಯದ ಕುರಿತು.

1784ರಲ್ಲಿ ಅಲ್ಲಿ ರಾಜಕಾರಣಿ ಪ್ಯಾಟ್ರಿಕ್ ಹೆನ್ರಿ ಬೆಂಬಲಿಸಿದ ಮಸೂದೆಯೊಂದು ಬಂತು. ಕ್ರೈಸ್ತ ಬೋಧಕರ ಪೋಷಣೆಗೆ ತೆರಿಗೆ. ಹಣ ಯಾವ ಪಂಗಡಕ್ಕೆ ಹೋಗಬೇಕೆಂದು ತೆರಿಗೆದಾರನೇ ಸೂಚಿಸಬಹುದು. ‘ಇದರಲ್ಲಿ ತಪ್ಪೇನು ಸರ್?’ ಎಂದು ತರಗತಿಯಲ್ಲಿ ಕೇಳದವರೇ ಇಲ್ಲ. ತಪ್ಪು ಹಂಚಿಕೆಯಲ್ಲಿಲ್ಲ, ವಸೂಲಿಯಲ್ಲಿದೆ. ಮೂರೇ ಪೆನ್ಸ್ ಆದರೂ ಸರಿ, ಅದನ್ನು ಧರ್ಮಕ್ಕಾಗಿ ಬಲವಂತದಿಂದ ಕೀಳಬಲ್ಲ ಅಧಿಕಾರ ನಾಳೆ ಒಂದೇ ಪಂಗಡವನ್ನು ಎಲ್ಲರ ತಲೆಗೆ ಕಟ್ಟಬಲ್ಲದು ಎಂದು 1785ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್ ಮಸೂದೆಯ ವಿರುದ್ಧದ ಅರ್ಜಿಯಲ್ಲಿ ಬರೆದ. ಆದರೆ ಶಾಸನಸಭೆಯ ಮೇಜಿನ ಮೇಲೆ ರಾಶಿಬಿದ್ದ ಅರ್ಜಿಗಳಲ್ಲಿ ಅವನದು ಒಂದು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರಂಥ ಪ್ರಾಟೆಸ್ಟಂಟ್ ಪಂಗಡಗಳ ಕಟ್ಟಾ ಭಕ್ತರದು. ಕೆಲವೇ ವರ್ಷಗಳ ಹಿಂದೆ ಬ್ಯಾಪ್ಟಿಸ್ಟ್ ಬೋಧಕರನ್ನು ಅದೇ ನಾಡಿನಲ್ಲಿ ಜೈಲಿಗೆ ತಳ್ಳಿದ್ದರು. ಸರ್ಕಾರ ಚರ್ಚಿನ ಕೈ ಹಿಡಿದರೆ ಏನಾಗುತ್ತದೆಂದು ಅವರಿಗೆ ಯಾವ ತತ್ತ್ವಜ್ಞಾನಿಯೂ ಹೇಳಿಕೊಡಬೇಕಿರಲಿಲ್ಲ. ಮಸೂದೆ ಸತ್ತಿತು, 1786ರ ಜನವರಿಯಲ್ಲಿ ಜೆಫರ್ಸನ್ನನ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ ಪಾಸಾಯಿತು. ಚಿಂತಕರ ಪಾಲು ಕಡಿಮೆ ಎನ್ನುತ್ತಿಲ್ಲ, ಅವರೊಬ್ಬರದೇ ಅಲ್ಲ ಎನ್ನುತ್ತಿದ್ದೇನೆ.

ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಇರಬೇಕೆಂದು ಎಲ್ಲರೂ ಉದ್ಧರಿಸುವ ಆ ‘ಗೋಡೆ’ಯ ಪತ್ರವನ್ನು ಅಧ್ಯಕ್ಷನಾಗಿದ್ದ ಜೆಫರ್ಸನ್ ಬರೆದದ್ದೂ ಬ್ಯಾಪ್ಟಿಸ್ಟರಿಗೇ, 1802ರ ಜನವರಿ 1ರಂದು. ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಆ ಜನ, ಬೇರೆ ಪಂಗಡದ ಚರ್ಚಿನ ತೆರಿಗೆಯಿಂದ ತಪ್ಪಿಸಿಕೊಳ್ಳಲು ಪ್ರಮಾಣಪತ್ರ ಸಲ್ಲಿಸಬೇಕಿತ್ತು.

ಅದೇ ದಿನ ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೆಲ್ಯಾಂಡ್, ಮ್ಯಾಸಚೂಸೆಟ್ಸ್‌ನ ಚೆಷೈರ್ ಊರಿನವರು ಮಾಡಿದ ಸುಮಾರು 560 ಕಿಲೋ ತೂಕದ ಚೀಸ್ ಗಡ್ಡೆಯನ್ನು ಜೆಫರ್ಸನ್ನನಿಗೆ ಒಪ್ಪಿಸಿದ. ವಿರೋಧ ಪಕ್ಷದವರ ಹಸುಗಳ ಹಾಲು ಒಂದು ತೊಟ್ಟೂ ಸೇರಿಲ್ಲ ಎಂಬುದು ಊರವರ ಹೆಮ್ಮೆ! ಎರಡು ದಿನ ಕಳೆದು ಲೆಲ್ಯಾಂಡ್ ಜನಪ್ರತಿನಿಧಿ ಸಭೆಯ ಸಭಾಂಗಣದಲ್ಲೇ ಪ್ರವಚನ ಮಾಡಿದ, ಜೆಫರ್ಸನ್ ಕುಳಿತು ಕೇಳಿದ. ಗೋಡೆಗೂ ಆ ಪ್ರವಚನಕ್ಕೂ ತಾಳೆಯಾಗುತ್ತದೆಯೇ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಅದರಲ್ಲಿ ನಾನು ಯಾರ ಪಕ್ಷವನ್ನೂ ಹಿಡಿಯಲಾರೆ.